ಕಾರಿನ ಟಾಪು ಕಡಿಯುವ ಲೆಕ್ಕ

ಗುರುಬಂಧುಗಳೇ, ಒಂದು ಸಣ್ಣ ಪ್ರಶ್ನೆಯಿಂದ ಸುರು ಮಾಡೋಣ. ಒಂದು ಹಳೇ ಕಾರು ಇದೆ. ಅದರ ಟಾಪು 4 ಇಂಚು ಕೆಳಗೆ ಇಳಿಯಬೇಕು. ಕಿಟಕಿಗಳ ನಡುವೆ ಟಾಪನ್ನು ಹೊತ್ತು ನಿಂತ ಕಂಬಗಳಿವೆಯಲ್ಲ, ಪ್ರತಿಯೊಂದರಲ್ಲೂ 4 ಇಂಚಿನ ತುಂಡು ಕಡಿದು ತೆಗೆಯುತ್ತೇವೆ. ಆಮೇಲೆ ಟಾಪನ್ನು ನೇರ ಕೆಳಗಿಳಿಸಿ ಬೆಸುಗೆ ಹಾಕುತ್ತೇವೆ. ಕೆಲಸ ಮುಗಿಯಿತಲ್ಲ?

ಮುಂದೆ ಓದುವ ಮೊದಲು ನೀವೂ ಒಂದು ನಿಮಿಷ ಯೋಚನೆ ಮಾಡಿ.

ನಾನು ಈ ಪ್ರಶ್ನೆಯನ್ನು ನಮ್ಮ ಇಯತ್ತೆ ಹತ್ತನೆಯ ವರ್ಗದಲ್ಲಿ ಕೇಳಿದೆ. ನಮ್ಮದು ಗಡಿಯ ಸಣ್ಣ ಶಾಲೆ, ವಿಜ್ಞಾನದ ಜೊತೆ ಗಣಿತದ ತಾಸೂ ನನ್ನ ಪಾಲಿಗೇ ಬರುತ್ತದೆ. ಮುಂದಿನ ಬೆಂಚಿನವರೆಲ್ಲ "ಹೌದ್ರಿ ಸರ್, ಮುಗೀತು" ಎಂದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ತಲೆ ಅಲ್ಲಾಡಿಸಿದ. "ಕೂಡಂಗಿಲ್ರಿ ಸರ್. ಮ್ಯಾಲಿನ ತುಂಡು ಸಣ್ಣದಾಗತೈತಿ, ಒಳಗ ಬೀಳತೈತಿ" ಎಂದ. ಅವನ ಕಾಕಾ ಡೆಂಟಿಂಗ್ ಕೆಲಸ ಮಾಡುತ್ತಾರೆ, ಆದಿತ್ಯವಾರ ಇವನೂ ಅಲ್ಲೇ. ಹಿಂದಿನ ವಾರವಷ್ಟೇ ಸಮರೂಪ ತ್ರಿಕೋನಗಳ ಪರೀಕ್ಷೆಯಲ್ಲಿ ಇದೇ ಹುಡುಗನಿಗೆ ನಾನು 20ಕ್ಕೆ 4 ಅಂಕ ಕೊಟ್ಟಿದ್ದೆ.

ಅವನು ಹೇಳಿದ್ದೇ ಸರಿ. ಯಾಕೆ ಸರಿ ಎಂಬುದೇ ಈ ಲೇಖನ. ಇದರೊಳಗೆ ನಮ್ಮ ಪಠ್ಯದ ನಾಲ್ಕೈದು ಪಾಠಗಳು ಅಡಗಿವೆ.

ಒಣಕೆರೆಯ ಓಟ

ಕಾರಿನ ಟಾಪು ಕಡಿಯುವ ಈ ಹುಚ್ಚು ಹುಟ್ಟಿದ್ದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಮೊಹಾವಿ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಎಂಬ ಒಣಕೆರೆಗಳಿವೆ. ಮಳೆ ನೀರು ಬಂದು ನಿಲ್ಲುತ್ತದೆ, ಆರುತ್ತದೆ, ತಳದ ಮಣ್ಣು ಗಟ್ಟಿಯಾಗಿ ಮೈಲಿಗಟ್ಟಲೆ ಸಪಾಟು ನೆಲವಾಗುತ್ತದೆ. 1920 ಮತ್ತು 30ರ ದಶಕಗಳಲ್ಲಿ ಅಲ್ಲಿನ ಹುಡುಗರು ಅಗ್ಗಕ್ಕೆ ಸಿಗುವ ಹಳೇ ಫೋರ್ಡ್ ಕಾರು ತಂದು, ಮಡ್‌ಗಾರ್ಡು ಕಿತ್ತು ಬಿಸಾಕಿ, ಎಂಜಿನ್ನಿಗೆ ಕೈಯಾಡಿಸಿ, ಈ ಬಯಲಲ್ಲಿ ಎಷ್ಟು ವೇಗ ಬರುತ್ತದೆ ಎಂದು ಓಡಿಸಿ ನೋಡುತ್ತಿದ್ದರು. ಇಂಥ ಕಾರಿಗೆ ಮುಂದೆ 'ಹಾಟ್ ರಾಡ್' ಎಂಬ ಹೆಸರು ಬಂತು. ವೇಗವನ್ನು ಕರಾರುವಾಕ್ಕಾಗಿ ಅಳೆಯಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು.

ಈ ಹುಡುಗರ ಮೆಚ್ಚಿನ ಗಾಡಿ 1932ರ ಫೋರ್ಡ್. ಅದರ ವಿ-8 ಎಂಜಿನ್ 221 ಘನ ಇಂಚಿನದು, ಅಂದರೆ ಸುಮಾರು 3.6 ಲೀಟರ್, 65 ಅಶ್ವಶಕ್ತಿ. ಸಾಮಾನ್ಯರ ಕೈಗೆಟಕುವ ಬೆಲೆಗೆ ವಿ-8 ಎಂಜಿನ್ ಸಿಕ್ಕಿದ್ದು ಆಗಲೇ. ಆದರೆ ಆ ಕಾಲದ ಕಾರುಗಳ ಆಕಾರ ಹೇಗಿತ್ತು? ನೆಟ್ಟಗೆ ನಿಂತ ಗಾಜು, ಎತ್ತರದ ಟಾಪು. ನಮ್ಮ ಕಡೆ ಹೇಳುವ ಹಾಗೆ, ಗೋದ್ರೇಜ್ ಕಪಾಟಿಗೆ ಗಾಲಿ ಹಚ್ಚಿದಂತೆ. ಗಾಳಿಗೆ ಎದೆಯೊಡ್ಡಿ ನಿಲ್ಲುವ ಆಕಾರ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಊರಿಗೆ ಮರಳಿದ ಯುವಕರಲ್ಲಿ ಸೈನ್ಯದಲ್ಲೋ ವಿಮಾನ ಕಾರ್ಖಾನೆಯಲ್ಲೋ ಬೆಸುಗೆ, ತಗಡಿನ ಕೆಲಸ ಕಲಿತವರು ಬಹಳ ಇದ್ದರು. ಯುದ್ಧವಿಮಾನದ ಹೆಚ್ಚುವರಿ ಇಂಧನ ಟ್ಯಾಂಕನ್ನೇ ಕಾರಿನ ಮೈ ಮಾಡಿಕೊಂಡು ಓಡಿಸಿದವರೂ ಇದ್ದಾರೆ. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ 'ಹಾಟ್ ರಾಡ್' ಪತ್ರಿಕೆ ತಂದರು. 1949ರಲ್ಲಿ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲಲ್ಲಿ ಮೊದಲ ವೇಗ ಸಪ್ತಾಹ ನಡೆಯಿತು. ಆ ಸುಮಾರಿಗೆ ಪಿಯರ್ಸನ್ ಸಹೋದರರ 1934ರ ಫೋರ್ಡ್ ಕೂಪೆ ಗಂಟೆಗೆ 150 ಮೈಲಿಯ ಆಸುಪಾಸಿಗೆ ಮುಟ್ಟಿತ್ತು. ಅದರ ಚಿತ್ರ ನೋಡಿದರೆ ಟಾಪು ಯಾರೋ ಮೇಲಿಂದ ತುಳಿದ ಹಾಗೆ ಕೆಳಗೆ, ಮುಂದಿನ ಗಾಜು ಹಿಂದಕ್ಕೆ ಮಲಗಿದ ಹಾಗೆ.

ಗಾಳಿಯ ಲೆಕ್ಕ

ಟಾಪು ಕಡಿದರೆ ವೇಗ ಎಷ್ಟು ಹೆಚ್ಚುತ್ತದೆ? ಲೆಕ್ಕ ಹಾಕಿಯೇ ನೋಡೋಣ. ಗಾಳಿಯ ತಡೆ ನಾಲ್ಕು ಸಂಗತಿಗಳ ಮೇಲೆ ನಿಂತಿದೆ: ಗಾಳಿಯ ಸಾಂದ್ರತೆ, ಕಾರಿನ ಆಕಾರ, ಎದುರಿಗೆ ಕಾಣುವ ವಿಸ್ತೀರ್ಣ ಮತ್ತು ವೇಗದ ವರ್ಗ. ಸೂತ್ರ ಹೀಗೆ: ತಡೆ = ½ × ಸಾಂದ್ರತೆ × ಆಕಾರದ ಅಂಕ × ವಿಸ್ತೀರ್ಣ × ವೇಗದ ವರ್ಗ.

ಲೆಕ್ಕಕ್ಕೆ ದುಂಡು ಅಂಕಿಗಳನ್ನು ಹಿಡಿಯೋಣ. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿ.ಗ್ರಾಂ, ಡಬ್ಬಿ ಆಕಾರದ ಕಾರಿಗೆ ಆಕಾರದ ಅಂಕ 0.6, ಎದುರಿನ ವಿಸ್ತೀರ್ಣ 2 ಚದರ ಮೀಟರ್. ವೇಗ ಗಂಟೆಗೆ 100 ಮೈಲಿ, ಅಂದರೆ ಸೆಕೆಂಡಿಗೆ 44.7 ಮೀಟರ್. ತಡೆ ಸುಮಾರು 1,440 ನ್ಯೂಟನ್ ಬರುತ್ತದೆ. ಅದನ್ನು ವೇಗದಿಂದ ಗುಣಿಸಿದರೆ ಬೇಕಾದ ಶಕ್ತಿ ಸುಮಾರು 64 ಕಿಲೋವ್ಯಾಟ್, ಅಂದರೆ 86 ಅಶ್ವಶಕ್ತಿ. ಅದೂ ಗಾಳಿಯೊಂದಕ್ಕೇ! 65 ಅಶ್ವಶಕ್ತಿಯ ಎಂಜಿನ್ನಿಗೆ ಇದು ಆಗದ ಮಾತು.

ಈಗ ಟಾಪು 10 ಸೆಂ.ಮೀ. ಇಳಿಸೋಣ. ಆ ಭಾಗದ ಅಗಲ 110 ಸೆಂ.ಮೀ. ಎಂದು ಹಿಡಿದರೆ 0.11 ಚದರ ಮೀಟರ್ ಕಡಿಮೆಯಾಯಿತು. ಮೊದಲಿನ ವಿಸ್ತೀರ್ಣದಲ್ಲಿ ಇದು ಶೇ. 5.5. ಅದೇ ವೇಗಕ್ಕೆ ಈಗ ಬೇಕಾದ್ದು ಸುಮಾರು 81 ಅಶ್ವಶಕ್ತಿ. ಎಂಜಿನ್ನಿನ ಒಂದು ಬೋಲ್ಟೂ ಮುಟ್ಟದೆ ಹತ್ತಿರ ಹತ್ತಿರ 5 ಅಶ್ವಶಕ್ತಿ ಉಳಿಯಿತು.

ಆದರೆ ವೇಗ ಶೇ. 5.5 ಹೆಚ್ಚಲಿಲ್ಲ. ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿದೆ. ಹಾಗಾಗಿ ಅದೇ ಎಂಜಿನ್ನಿಗೆ ವೇಗ ಹೆಚ್ಚುವುದು ಶೇ. 2ರಷ್ಟು ಮಾತ್ರ. 100 ಮೈಲಿ ಓಡುವ ಕಾರು 102 ಮೈಲಿ ಓಡೀತು. ಇಷ್ಟಕ್ಕೇ ಕಾರು ಕಡಿಯುವುದೇ ಎಂದು ಕೇಳಬಹುದು. ದಾಖಲೆಗಾಗಿ ಓಡುವವನಿಗೆ ಎರಡು ಮೈಲಿ ಎಂದರೆ ಗೆಲುವು ಸೋಲಿನ ಅಂತರ. ಜೊತೆಗೆ ಗಾಜನ್ನೂ ಹಿಂದಕ್ಕೆ ಮಲಗಿಸಿದರೆ ಆಕಾರದ ಅಂಕವೇ ಕಡಿಮೆಯಾಗುತ್ತದೆ, ಲಾಭ ಇನ್ನೂ ಹೆಚ್ಚು. ಊರೊಳಗೆ ನಿಧಾನ ಓಡಿಸುವವನಿಗೆ ಮಾತ್ರ ಇದರಿಂದ ಏನೂ ಸಿಗುವುದಿಲ್ಲ. ವೇಗ ಅರ್ಧವಾದರೆ ಗಾಳಿಗೆ ಬೇಕಾದ ಶಕ್ತಿ ಎಂಟನೆಯ ಒಂದು ಭಾಗಕ್ಕಿಳಿಯುತ್ತದೆ. ಅವನಿಗೆ ಟಾಪು ಕಡಿಯುವುದು ಬರೀ ಚಂದಕ್ಕೆ.

ಚಂದಕ್ಕೇ ಕಡಿದವರೂ ಬಹಳ. ಸ್ಯಾಮ್ ಮತ್ತು ಜಾರ್ಜ್ ಬ್ಯಾರಿಸ್ ಸಹೋದರರು ಬಾಬ್ ಹಿರೋಹಾಟಾ ಎಂಬವರಿಗಾಗಿ 1951ರ ಮರ್ಕ್ಯುರಿ ಕಾರೊಂದನ್ನು ಕಡಿದು ಕಟ್ಟಿಕೊಟ್ಟರು. ಅದರ ಟಾಪು ಮುಂದೆ ಸುಮಾರು 4 ಇಂಚು, ಹಿಂದೆ ಸುಮಾರು 7 ಇಂಚು ಇಳಿದಿದೆ. 2017ರಲ್ಲಿ ಆ ಕಾರು ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಕಡಿದ ಕಾರೇ ಒಂದು ಪರಂಪರೆಯಾಯಿತು.

ಕೂಡದ ಮೂಲೆ

ಈಗ ನಮ್ಮ ಹಿಂದಿನ ಬೆಂಚಿನ ಮಾತಿಗೆ ಬರೋಣ. ಕಾರಿನ ಕಂಬಗಳು ನೆಟ್ಟಗಿರುವುದಿಲ್ಲ. ಮುಂದಿನವು ಹಿಂದಕ್ಕೆ ವಾಲಿರುತ್ತವೆ, ಹಿಂದಿನವು ಮುಂದಕ್ಕೆ, ಎರಡೂ ಪಕ್ಕದವು ಒಳಕ್ಕೆ. ಅಂದರೆ ಕಾರಿನ ಮೇಲ್ಭಾಗ ಒಂದು ಬೋರಲು ಹಾಕಿದ ಬಕೆಟ್. ಮೇಲಕ್ಕೆ ಹೋದಂತೆ ಕಿರಿದು. ನಡುವಿನ ಒಂದು ಪಟ್ಟಿ ಕಡಿದು ತೆಗೆದರೆ ಮೇಲಿನ ತುಂಡಿನ ಬಾಯಿ ಸಣ್ಣದು, ಕೆಳಗಿನ ತುಂಡಿನ ಬಾಯಿ ದೊಡ್ಡದು. ಕೂಡುವುದು ಹೇಗೆ?

ಎಷ್ಟು ಅಂತರ ಬೀಳುತ್ತದೆ ಎಂಬುದು ನಮ್ಮ ತ್ರಿಕೋನಮಿತಿಯ ಮೊದಲ ಪಾಠ. ಕಂಬ ನೆಟ್ಟನೆಯ ಗೆರೆಯಿಂದ ಎಷ್ಟು ಅಂಶ ವಾಲಿದೆಯೋ ಆ ಕೋನದ ಟ್ಯಾನ್ ಬೆಲೆಯನ್ನು ಕಡಿದ ಎತ್ತರದಿಂದ ಗುಣಿಸಿದರಾಯಿತು. 10 ಸೆಂ.ಮೀ. ಕಡಿದಾಗ:

10 ಅಂಶ ವಾಲಿದ್ದರೆ ಅಂತರ 1.8 ಸೆಂ.ಮೀ.
20 ಅಂಶ ವಾಲಿದ್ದರೆ 3.6 ಸೆಂ.ಮೀ.
30 ಅಂಶ ವಾಲಿದ್ದರೆ 5.8 ಸೆಂ.ಮೀ.
45 ಅಂಶ ವಾಲಿದ್ದರೆ ಪೂರ್ತಿ 10 ಸೆಂ.ಮೀ.

ಮುಂದಿನ ಕಂಬ 10 ಅಂಶ, ಹಿಂದಿನದು 20 ಅಂಶ ಎಂದಿಟ್ಟುಕೊಳ್ಳಿ. 1.8 ಮತ್ತು 3.6 ಕೂಡಿದರೆ ಟಾಪು 5.4 ಸೆಂ.ಮೀ. ಉದ್ದ ಸಾಲದು. ಹಳೇ ಪಿಕಪ್ ಟ್ರಕ್ಕುಗಳ ಕ್ಯಾಬಿನ್ನಿಗೆ ಹಿಂಗೋಡೆ ಹೆಚ್ಚುಕಡಿಮೆ ನೆಟ್ಟಗಿರುತ್ತದೆ, ಅಲ್ಲಿ ತಲೆನೋವು ಕಡಿಮೆ. ವಾಲಿಕೆ ಹೆಚ್ಚಾದಂತೆ ತಲೆನೋವೂ ಹೆಚ್ಚು. 1949ರ ಮರ್ಕ್ಯುರಿಯಂಥ ದುಂಡು ಮೈಯ ಕಾರು ಅದಕ್ಕೇ ಕಷ್ಟ.

ಕುಶಲಕರ್ಮಿಗಳು ಇದಕ್ಕೆ ಮೂರು ದಾರಿ ಕಂಡುಕೊಂಡಿದ್ದಾರೆ. ಮೊದಲನೆಯದು, ಕಂಬದ ಬುಡದಲ್ಲಿ ಸೀಳು ಕೊಟ್ಟು ಕಂಬವನ್ನೇ ಇನ್ನಷ್ಟು ವಾಲಿಸಿ ಮೇಲಿನ ತುಂಡಿಗೆ ತಾಗಿಸುವುದು. ಎರಡನೆಯದು, ಟಾಪನ್ನು ಮುಂದಕ್ಕೋ ಹಿಂದಕ್ಕೋ ಸರಿಸಿ ಒಂದು ಕಡೆ ಸರಿಕೂಡಿಸಿ, ಉಳಿದ ಅಂತರವನ್ನು ಇನ್ನೊಂದು ಕಡೆ ತುಂಬುವುದು. ಮೂರನೆಯದು, ಟಾಪನ್ನು ಅಧಿಕ ಚಿಹ್ನೆಯ ಹಾಗೆ ನಾಲ್ಕು ತುಂಡು ಮಾಡಿ, ನಾಲ್ಕನ್ನೂ ದೂರ ಸರಿಸಿ, ನಡುವೆ ಹೊಸ ತಗಡಿನ ಪಟ್ಟಿ ಕೂಡಿಸುವುದು. ಎಲ್ಲಕ್ಕೂ ಮೊದಲು ಒಂದು ಕೆಲಸ ತಪ್ಪಿಸುವಂತಿಲ್ಲ: ಕಾರಿನೊಳಗೆ ಉಕ್ಕಿನ ಪೈಪುಗಳನ್ನು ಅಡ್ಡಡ್ಡ ಕೂಡಿಸಿ ಮೈಯನ್ನು ಬಿಗಿ ಹಿಡಿಯಬೇಕು. ಇಲ್ಲದಿದ್ದರೆ ಟಾಪು ತೆಗೆದ ಕೂಡಲೇ ಮೈ ತಿರುಚಿಕೊಳ್ಳುತ್ತದೆ, ಆಮೇಲೆ ಬಾಗಿಲು ಕೂಡುವುದಿಲ್ಲ. ಅಟ್ಟ ಮೇಲೆ ಒಲೆ ಉರಿದರೆ ಏನು ಬಂತು?

ವರ್ಗದಲ್ಲಿ ಮಾಡಿ ನೋಡಿ

ಇದಕ್ಕೆ ಕಾರು ಬೇಡ, ಚಹಾ ಕುಡಿಯುವ ಕಾಗದದ ಕಪ್ಪು ಸಾಕು. ಬೋರಲು ಹಾಕಿ. ಬಾಯಿ 7 ಸೆಂ.ಮೀ., ತಳ 5 ಸೆಂ.ಮೀ., ಎತ್ತರ 8 ಸೆಂ.ಮೀ. ಇದ್ದರೆ ಒಂದು ಸೆಂ.ಮೀ. ಮೇಲೆ ಹೋದಂತೆ ವ್ಯಾಸ ಕಾಲು ಸೆಂ.ಮೀ. ಇಳಿಯುತ್ತದೆ. ನಡುವಿನಲ್ಲಿ 2 ಸೆಂ.ಮೀ. ಅಗಲದ ಬಳೆ ಕತ್ತರಿಸಿ ತೆಗೆಸಿ. ಈಗ ಮೇಲಿನ ತುಂಡನ್ನು ಕೆಳಗಿನದರ ಮೇಲೆ ಇಡಲು ಹೇಳಿ. ಒಳಗೆ ಜಾರುತ್ತದೆ. ವ್ಯಾಸದ ಅಂತರ ಅರ್ಧ ಸೆಂ.ಮೀ. ಎಂದು ಮೊದಲೇ ಲೆಕ್ಕ ಮಾಡಿಸಿ, ಆಮೇಲೆ ಅಳೆಸಿ. ಸುತ್ತಳತೆಯಲ್ಲಿ ಅದು ಸುಮಾರು 1.6 ಸೆಂ.ಮೀ. ಕೊನೆಗೆ ಮೇಲಿನ ತುಂಡನ್ನು ನಾಲ್ಕು ಸೀಳು ಮಾಡಿ, ಕೆಳಗಿನ ಬಾಯಿಗೆ ಹೊಂದುವಂತೆ ಅಂಟಿಸಲು ಬಿಡಿ. ತಲೆಯ ಮೇಲೆ ಅಧಿಕ ಚಿಹ್ನೆಯ ಆಕಾರದ ಸಂದು ತಾನೇ ಕಾಣುತ್ತದೆ. ಪುಸ್ತಕದಲ್ಲಿ ಬಕೆಟ್ಟಿನ ಘನಫಲ ಕಂಠಪಾಠ ಮಾಡಿದವರಿಗೂ ಆಗ "ಓ, ಹಿಂಗೇನ್ರಿ!" ಎನ್ನಿಸುತ್ತದೆ. ನಮ್ಮಲ್ಲಿ ಎರಡು ತಾಸು ಹಿಡಿಯಿತು, ಖರ್ಚು ಕಪ್ಪು ಮತ್ತು ಅಂಟಿನದ್ದಷ್ಟೇ.

ಬೆಂಕಿ ಎಳೆಯುವ ತಗಡು

ಕೂಡಿಸಿದ್ದಾಯಿತು, ಬೆಸುಗೆ ಹಾಕಬೇಕು. ಇಲ್ಲಿ ಉಷ್ಣದ ಪಾಠ ಸುರು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಕಾಯ್ದರೆ ಪ್ರತಿ ಮೀಟರಿಗೆ ಮಿಲಿಮೀಟರಿನ ಸಾವಿರದ 12 ಭಾಗದಷ್ಟು ಹಿಗ್ಗುತ್ತದೆ. 500 ಡಿಗ್ರಿಗೆ 6 ಮಿ.ಮೀ. ಆದರೆ ಬೆಸುಗೆಯ ಜಾಗ ಮಾತ್ರ ಕಾಯ್ದಿದೆ, ಸುತ್ತಲಿನ ತಗಡು ತಣ್ಣಗಿದೆ. ತಣ್ಣನೆಯದು ಹಿಗ್ಗಲು ಬಿಡುವುದಿಲ್ಲ. ಹಾಗಾಗಿ ಕಾಯ್ದ ಮೆತ್ತನೆಯ ಲೋಹ ತನ್ನಲ್ಲೇ ಒತ್ತಿಕೊಂಡು ದಪ್ಪವಾಗುತ್ತದೆ. ಆರುವಾಗ ಅದು ಮೊದಲಿಗಿಂತ ಗಿಡ್ಡ. ಸುತ್ತಲಿನ ತಗಡನ್ನು ತನ್ನ ಕಡೆ ಎಳೆಯುತ್ತದೆ. ಸಪಾಟು ಇದ್ದ ಟಾಪು ಅಲೆ ಅಲೆಯಾಗುತ್ತದೆ.

ಇದಕ್ಕೇ ಅನುಭವಸ್ಥರು ಒಂದೇ ಉಸಿರಿಗೆ ಉದ್ದ ಬೆಸುಗೆ ಎಳೆಯುವುದಿಲ್ಲ. ಇಲ್ಲಿ ಒಂದು ಚುಕ್ಕಿ, ಅಲ್ಲಿ ಒಂದು ಚುಕ್ಕಿ ಹಾಕಿ, ಆರಲು ಬಿಟ್ಟು, ನಡುವೆ ಮತ್ತೆ ಚುಕ್ಕಿ ಹಾಕುತ್ತಾ ಹೋಗುತ್ತಾರೆ. ಕುಗ್ಗಿದ ಬೆಸುಗೆಯ ಕೆಳಗೆ ಉಕ್ಕಿನ ಗಟ್ಟಿ ಹಿಡಿದು ಮೇಲಿಂದ ಸುತ್ತಿಗೆ ಬಡಿದರೆ ಅದು ಮತ್ತೆ ಹರಡಿ ಎಳೆತ ಸಡಿಲವಾಗುತ್ತದೆ. ಇದನ್ನು ನಾವು ಪುಸ್ತಕ ತೆರೆದು ಹೇಳುವುದಕ್ಕಿಂತ ಹುಡುಗನ ಕಾಕಾ ಚೆನ್ನಾಗಿ ಹೇಳುತ್ತಾರೆ. "ಬೆಂಕಿ ಪತ್ರಾ ಎಳೀತೈತ್ರಿ ಸರ್, ಸುತಗಿ ಬಿಡಸತೈತಿ" ಎಂದರು.

ಆ ಕಾಲದವರು ಬೆಸುಗೆಯ ತಗ್ಗುಗಳನ್ನು ಸೀಸದಿಂದ ತುಂಬುತ್ತಿದ್ದರು. ಶೇ. 70 ಸೀಸ, ಶೇ. 30 ತವರ ಇರುವ ಮಿಶ್ರಲೋಹ 183 ಡಿಗ್ರಿಗೆ ಕರಗಲು ಸುರುವಾಗುತ್ತದೆ, ಪೂರ್ತಿ ನೀರಾಗುವುದು ಸುಮಾರು 255 ಡಿಗ್ರಿಗೆ. ನಡುವಿನ 70 ಡಿಗ್ರಿಯುದ್ದಕ್ಕೂ ಅದು ಕಲಸಿದ ಹಿಟ್ಟಿನ ಹಾಗೆ ಮೆತ್ತಗೆ, ಮರದ ಹಲಗೆಯಿಂದ ಸವರಬಹುದು. ಶುದ್ಧ ಲೋಹ ಒಂದೇ ಉಷ್ಣತೆಯಲ್ಲಿ ಕರಗುತ್ತದೆ, ಮಿಶ್ರಲೋಹಕ್ಕೆ ಹೀಗೆ ಒಂದು ಹರವು ಇರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆದರೆ ಮಕ್ಕಳಿಗೆ ಇದೂ ಹೇಳಿ: ಸೀಸದ ಹೊಗೆ, ಸೀಸದ ಪುಡಿ ವಿಷ. ಅದು ನರಗಳಿಗೆ, ಮಿದುಳಿಗೆ ಹಾನಿ ಮಾಡುತ್ತದೆ, ಮಕ್ಕಳಿಗಂತೂ ಇನ್ನೂ ಹೆಚ್ಚು.

ಕಾಣದ ಸಿಗ್ನಲ್ಲು

ಗಾಜಿನ ಕತೆ ಬೇರೆ. ನಡುವೆ ಪ್ಲಾಸ್ಟಿಕ್ ಪದರವಿರುವ ಎರಡು ಪದರದ ಸಪಾಟು ಗಾಜನ್ನು ಗೀರಿ ಕತ್ತರಿಸಬಹುದು. ಕಾಯಿಸಿ ಬೇಗ ತಣಿಸಿದ ಟೆಂಪರ್ಡ್ ಗಾಜನ್ನು ಕತ್ತರಿಸಲು ಆಗುವುದೇ ಇಲ್ಲ. ಅದರ ಹೊರಮೈ ಒತ್ತಡದಲ್ಲಿ, ಒಳಮೈ ಎಳೆತದಲ್ಲಿ ಇರುತ್ತದೆ. ಗೀರು ಒಳಕ್ಕೆ ಇಳಿದರೆ ಸಾಕು, ಪೂರ್ತಿ ಗಾಜು ಸಕ್ಕರೆ ಹರಳಿನ ಹಾಗೆ ಉದುರುತ್ತದೆ.

ಇನ್ನು ಕಣ್ಣಿನ ಲೆಕ್ಕ. ಚಾಲಕನ ಕಣ್ಣು ಗಾಜಿನ ಮೇಲಂಚಿನಿಂದ 60 ಸೆಂ.ಮೀ. ಹಿಂದೆ, 15 ಸೆಂ.ಮೀ. ಕೆಳಗೆ ಇದೆ ಎನ್ನಿ. ಸಿಗ್ನಲ್ ದೀಪ ಅವನ ಕಣ್ಣಿಗಿಂತ 4 ಮೀಟರ್ ಎತ್ತರದಲ್ಲಿದೆ. ಸಮರೂಪ ತ್ರಿಕೋನ ಬರೆದರೆ, ದೀಪದಿಂದ 16 ಮೀಟರ್ ದೂರ ಬರುವವರೆಗೂ ಅದು ಕಾಣುತ್ತದೆ. ಟಾಪು 10 ಸೆಂ.ಮೀ. ಇಳಿಸಿ, ಸೀಟು ಹಾಗೇ ಬಿಟ್ಟರೆ ಮೇಲಂಚು ಕಣ್ಣಿಗಿಂತ 5 ಸೆಂ.ಮೀ. ಮಾತ್ರ ಮೇಲೆ. ಆಗ 48 ಮೀಟರ್ ದೂರದಲ್ಲೇ ದೀಪ ಮರೆಯಾಗುತ್ತದೆ. ಉಳಿದ 48 ಮೀಟರ್ ಅವನು ಕೆಂಪೋ ಹಸಿರೋ ತಿಳಿಯದೆ ಬರಬೇಕು. ಅಡ್ಡ ದಾಟುವವರು ನಮ್ಮ ಮಕ್ಕಳೇ ಇರಬಹುದು. ಅದಕ್ಕೇ ಟಾಪು ಕಡಿಯುವವರು ಸೀಟನ್ನೂ ಇಳಿಸುತ್ತಾರೆ.

ಕಂಬ ಗಿಡ್ಡವಾದರೆ ಬಲ ಕುಂದುತ್ತದೆಯೇ ಎಂದು ಒಬ್ಬಳು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಉದ್ದ ಕಂಬಕ್ಕಿಂತ ಗಿಡ್ಡ ಕಂಬ ಬಾಗುವುದು ಕಷ್ಟ. ಕುಂದು ಇರುವುದು ಗಿಡ್ಡತನದಲ್ಲಿ ಅಲ್ಲ, ಬೆಸುಗೆಯಲ್ಲಿ. ಬೆಸುಗೆ ಒಳಗಿನ ತನಕ ಇಳಿಯದೆ ಮೇಲ್ಮೈಯಲ್ಲಿ ಮಾತ್ರ ಹಿಡಿದಿದ್ದರೆ, ಕಾರು ಮಗುಚಿದಾಗ ಟಾಪು ಕುಸಿಯುವುದು ಅಲ್ಲೇ. ಬಣ್ಣ ಬಳಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಾಡಿದವನ ಪ್ರಾಮಾಣಿಕತೆಯೊಂದೇ ಅಲ್ಲಿ ಕಾವಲು.

ನಮ್ಮ ದೇಶದಲ್ಲಿ ಇದನ್ನು ಮನಸ್ಸಿಗೆ ಬಂದಂತೆ ಮಾಡುವ ಹಾಗಿಲ್ಲ ಎಂದು ಮಕ್ಕಳಿಗೆ ಸ್ಪಷ್ಟ ಹೇಳಿಬಿಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಲು ಬರುವುದಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿದಿದೆ.

4 ಅಂಕದ ಹುಡುಗ

ಕೊನೆಗೆ ನನ್ನದೇ ತಪ್ಪಿನ ಮಾತು. ಆ ತಾಸು ಮುಗಿದ ಮೇಲೆ ಹುಡುಗನ ಉತ್ತರಪತ್ರಿಕೆ ಮತ್ತೆ ತೆಗೆದು ನೋಡಿದೆ. ಎರಡು ಲೆಕ್ಕಗಳಲ್ಲಿ ಆಕೃತಿ ಸರಿಯಾಗಿತ್ತು, ಕೊನೆಯ ಉತ್ತರವೂ ಸರಿ. ನಡುವಿನ ಹಂತಗಳಿರಲಿಲ್ಲ. ನಕಲು ಹೊಡೆದಿದ್ದಾನೆ ಎಂದುಕೊಂಡು ಕೆಂಪು ಗೆರೆ ಎಳೆದಿದ್ದೆ. ಕರೆದು ಕೇಳಿದಾಗ, "ಕಂಡಿದ್ದ ಬರದೀನ್ರಿ ಸರ್, ಹೆಂಗ ಕಂಡೀತು ಅಂತ ಬರ್ಯಾಕ ಬರಂಗಿಲ್ರಿ" ಎಂದ. ಹತ್ತನೇದು ಬಿಟ್ಟು ಪೂರ್ತಿ ಗ್ಯಾರೇಜಿಗೇ ಹೋಗುವ ವಿಚಾರ ಮನೆಯಲ್ಲಿ ನಡೆದಿತ್ತಂತೆ. ಗಣಿತ ತನಗೆ ಬರುವುದಿಲ್ಲ ಎಂದು ಅವನು ನಂಬಿಬಿಟ್ಟಿದ್ದ. ಆ ನಂಬಿಕೆಗೆ ನನ್ನ ಕೆಂಪು ಪೆನ್ನೂ ಸಹಾಯ ಮಾಡಿತ್ತು.

ಅವನ ಕಾಕಾನನ್ನು ಒಂದು ದಿನ ಶಾಲೆಗೆ ಕರೆದೆವು. ಎರಡು ತಗಡಿನ ತುಂಡು, ಒಂದು ಸುತ್ತಿಗೆ ತಂದು ಮಕ್ಕಳೆದುರು ಕೆಲಸ ತೋರಿಸಿದರು. ಅಳತೆ ಹೇಗೆ ಬರೆದುಕೊಳ್ಳುತ್ತೀರಿ ಎಂದು ಕೇಳಿದೆ. "ಬರಕೊಳ್ಳಂಗಿಲ್ರಿ ಸರ್, ಕಣ್ಣಾಗ ಇಟ್ಕೋತೀವಿ. ಒಮ್ಮೊಮ್ಮಿ ತಪ್ಪತೈತಿ, ಆಗ ಪತ್ರಾ ಹಾಳ" ಎಂದು ನಕ್ಕರು. ಹುಡುಗ ಕೇಳಿಸಿಕೊಳ್ಳುತ್ತಿದ್ದ. ಕಡಿಯುವ ಮೊದಲೇ ಟ್ಯಾನ್ ಕೋಷ್ಟಕ ನೋಡಿದರೆ ಪತ್ರಾ ಉಳಿಯುತ್ತದೆ ಎಂದು ಆಗ ನಾನು ಹೇಳಲಿಲ್ಲ. ಸಂಜೆ ಅವನೇ ಬಂದು ಕೋಷ್ಟಕ ಬರೆದುಕೊಂಡು ಹೋದ.

ಮುಂದಿನ ಪರೀಕ್ಷೆಯಲ್ಲಿ ಅವನಿಗೆ 20ಕ್ಕೆ 11 ಬಂತು. ದೊಡ್ಡ ಅಂಕವೇನಲ್ಲ. ಆದರೆ ಹಂತಗಳನ್ನು ಬರೆದಿದ್ದ. ಗ್ಯಾರೇಜಿಗೆ ಹೋದರೂ ಹೋಗಲಿ, ಹತ್ತನೇದು ಮುಗಿಸಿಯೇ ಹೋಗುತ್ತೇನೆ ಎಂದಿದ್ದಾನೆ.

ನಿಮ್ಮ ವರ್ಗದಲ್ಲೂ ಬಡಿಗರ, ಕಂಬಾರರ, ದರ್ಜಿಗಳ, ಗೌಂಡಿಗಳ ಮಕ್ಕಳು ಇದ್ದೇ ಇರುತ್ತಾರೆ. ಅವರ ಮನೆಯ ಕೆಲಸದಲ್ಲಿ ಯಾವ ತ್ರಿಕೋನ ಅಡಗಿದೆ ಎಂದು ಒಮ್ಮೆ ಕೇಳಿ ನೋಡಿ. ಕಪ್ಪಿನ ಪ್ರಯೋಗ ಮಾಡಿದರೆ ನಿಮ್ಮ ಮಕ್ಕಳಿಗೆ ಅಂತರ ಎಷ್ಟು ಬಂತು, ಲೆಕ್ಕಕ್ಕೂ ಅಳತೆಗೂ ಎಷ್ಟು ಫರಕು ಬಿತ್ತು ಎಂದು ಬರೆದು ಕಳಿಸಿ. ಮುಂದಿನ ಸಂಚಿಕೆಗೆ ಎಲ್ಲರ ಅಂಕಿಗಳನ್ನೂ ಒಂದೇ ಕೋಷ್ಟಕಕ್ಕೆ ಹಾಕೋಣ.